ಹೆದರಿದ ಗೋಡೆ

"ರೆಪ್ಪೆ ಬಡೀಬೇಡಿ."

"ಬಡೀತಿಲ್ಲ."

"ಬಡೀತಾನೇ ಇದ್ದೀರ. ಗಲ್ಲ ಇಲ್ಲಿಡಿ, ಹಣೆ ಮುಂದಕ್ಕೆ. ಈಗ ನನ್ನ ಬಲಗಿವಿ ನೋಡಿ."

ಅವನು ನೋಡಿದ. ಕತ್ತಲೆ ಕೋಣೆ. ನಡುವೆ ಕಣ್ಣು ಪರೀಕ್ಷೆಯ ಯಂತ್ರ, ಅದರಾಚೆ ಗೇಣುದೂರದಲ್ಲಿ, ಡಾಕ್ಟರಿಗೂ ಮುಂಚೆ ಕಣ್ಣು ತಪಾಸಣೆ ಮಾಡುವವಳ ಮುಖ. ಇಷ್ಟು ಹತ್ತಿರ ಮುಖ ಇಟ್ಟುಕೊಂಡು ಕಿವಿಯನ್ನು ಮಾತ್ರ ನೋಡು ಅಂದರೆ ಯಾರಿಗಾದರೂ ಕಷ್ಟವೇ.

"ಕಿವಿ ಅಂದೆ."

"ಕಿವೀನೇ ನೋಡ್ತಿದ್ದೀನಿ ಮೇಡಂ. ಓಲೆ ಚೆನ್ನಾಗಿದೆ."

"ಏನು?"

"ಓಲೆ. ಪಳಪಳ ಅಂತಿದೆ."

ಅವಳು ಯಂತ್ರದಿಂದ ಮುಖ ತೆಗೆದು ನೆಟ್ಟಗೆ ಕೂತಳು. ಸಲಿಗೆ ಜಾಸ್ತಿಯಾಯಿತೇನೋ ಎಂದು ಅವನ ಮುಖ ಬಿಸಿಯಾಯಿತು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೆಲ್ಲಗೆ ಹೇಳಿದಳು.

"ನಾನು ಓಲೆ ಹಾಕಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮಿಂಚಿದ ಹಾಗೆ ಆಯ್ತಾ? ಎಡಗಡೆ ಅಂಚಲ್ಲಿ?"

"ಆಯ್ತು. ನಿಮ್ಮ ಕಿವಿ ಅಂದ್ಕೊಂಡೆ."

ಅವಳು ಮತ್ತೆ ಬಗ್ಗಿದಳು. ಈ ಸಲ ಬೈಯಲಿಲ್ಲ, ಬರೀ ನೋಡಿದಳು. ಬೆಳಕಿನ ಗೆರೆ ಅವನ ಎಡಗಣ್ಣಿನೊಳಗೆ ಮೇಲೆ ಕೆಳಗೆ ಹೋಗಿ, ಒಂದು ಕಡೆ ಬಂದು ನಿಂತಿತು. ಅಲ್ಲೇ ನಿಂತಿತು. ಅವಳು ಉಸಿರು ಬಿಗಿಹಿಡಿದಿರುವುದು ಅವನಿಗೆ ಗೊತ್ತಾಯಿತು, ಏಕೆಂದರೆ ಅಲ್ಲಿಯವರೆಗೆ ಆ ಉಸಿರು ಅವನ ಕೆನ್ನೆಗೆ ತಾಗುತ್ತಿತ್ತು.

"ಏನಾದ್ರೂ ಇದೆಯಾ?"

"ಡಾಕ್ಟರಮ್ಮ ನೋಡಲಿ," ಎಂದು ಎದ್ದವಳು ಬಾಗಿಲ ಹತ್ತಿರ ನಿಂತು ತಿರುಗಿದಳು. "ಅಲ್ಲಾಡಬೇಡಿ. ನಾನೀಗ ಬಂದೆ."

ಅವನಿಗೆ ಹೆದರಿ ಅಭ್ಯಾಸವಿರಲಿಲ್ಲ. ಊರಿನ ಒಳಾಂಗಣ ಕ್ರೀಡಾಂಗಣದ ಮರದ ನೆಲದ ಮೇಲೆ ಐದೈದು ಜನ ಆಡುವ ಫುಟ್ಸಾಲ್‌ನಲ್ಲಿ ಅವನು ಗೋಲ್‌ಕೀಪರ್. ಫುಟ್‌ಬಾಲ್‌ನ ಹಾಗೆ ಅಲ್ಲಿ ದೂರ ಅನ್ನುವುದೇ ಇಲ್ಲ. ಒದ್ದವನ ಕಾಲು ಕಾಣುವಷ್ಟರಲ್ಲಿ ಚೆಂಡು ಎದೆಗೋ ಮುಖಕ್ಕೋ ಬಂದಿರುತ್ತದೆ. ಕಾಲು ಚಾಚು, ಕೈ ಚಾಚು, ಏನೂ ಆಗದಿದ್ದರೆ ಮುಖ ಕೊಡು. ಅವನು ಕೊಡುತ್ತಿದ್ದ. ಅದಕ್ಕೇ ಅವನಿಗೆ 'ಗೋಡೆ' ಅಂತ ಹೆಸರು ಬಿದ್ದಿತ್ತು. ಸ್ವಂತ ಅಕ್ಕ ಕೂಡ "ಗೋಡೆ, ಊಟಕ್ಕೆ ಬಾ" ಅನ್ನುತ್ತಿದ್ದಳು.

ಡಾಕ್ಟರಮ್ಮ ನೋಡಿದರು. ಕಣ್ಣಿನ ಹಿಂದಿನ ಪರದೆಯ ಅಂಚಿನಲ್ಲಿ ಹರುಕು. ಅವತ್ತೇ ಲೇಸರ್ ಹಾಕಿದರು. "ಚೆಂಡು ಮುಖಕ್ಕೆ ಬಡಿಯೋ ಕೆಲಸ ಇನ್ನು ಸಾಕು. ಪರದೆ ಕಳಚಿಕೊಂಡ್ರೆ ಕಣ್ಣು ಹೋಗುತ್ತೆ," ಎಂದರು.

ಹೊರಡುವಾಗ ಅವಳು ಕಾರಿಡಾರಿನವರೆಗೂ ಬಂದಳು. ಏಪ್ರನ್ ಜೇಬಿನಿಂದ ಸಣ್ಣ ಟಾರ್ಚ್ ಇಣುಕುತ್ತಿತ್ತು.

"ಆಡಲ್ಲ ತಾನೇ?"

"ಇಲ್ಲ ಮೇಡಂ."

ಅವಳು ಅವನ ಕಣ್ಣನ್ನು ದಿಟ್ಟಿಸಿದಳು, ಯಂತ್ರವಿಲ್ಲದೆಯೇ. "ಸುಳ್ಳು ಹೇಳುವಾಗ ನೀವು ಬಲಗಡೆ ನೋಡ್ತೀರ," ಎಂದಳು.

ಅವನು ಆಡಿದ.

ಕ್ಲಬ್‌ನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆ ಕ್ಷಣಕ್ಕೆ ಅದು ನಿಜವಾಗಿಬಿಡುತ್ತಿತ್ತು. ಸೆಮಿಫೈನಲ್ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡ. ಮೊದಲ ಅರ್ಧ ಚೆನ್ನಾಗಿಯೇ ಹೋಯಿತು. ಎರಡನೆಯ ಅರ್ಧದಲ್ಲಿ ಎದುರು ತಂಡದವನ ಮೊಣಕೈ ಕಣ್ಣಿನ ಪಕ್ಕಕ್ಕೆ ತಾಗಿತು. ದೊಡ್ಡ ಪೆಟ್ಟೇನಲ್ಲ. ಎದ್ದು ನಿಂತ. ಆಗ ಎಡಗಣ್ಣಿನ ಕೆಳಗಿನಿಂದ ಕಪ್ಪಾದದ್ದೇನೋ ಏರತೊಡಗಿತು, ಬಾವಿಯಲ್ಲಿ ನೀರು ಏರುವ ಹಾಗೆ, ನಿಧಾನವಾಗಿ, ಸದ್ದಿಲ್ಲದೆ. ಉಜ್ಜಿಕೊಂಡ. ಹೋಗಲಿಲ್ಲ. ಸುತ್ತ ಜನ ಕೂಗುತ್ತಿದ್ದರು, ಶೂಗಳು ಮರದ ಮೇಲೆ ಕಿರ್ರೆನ್ನುತ್ತಿದ್ದವು, ಅವನು ಒಬ್ಬನೇ ನಿಂತು ತನ್ನ ಕಣ್ಣು ಮುಳುಗುವುದನ್ನು ನೋಡುತ್ತಿದ್ದ.

ಚೆಂಡು ಎಡಗಡೆಯಿಂದ ಬಂತು. ಬಂದದ್ದು ಗೊತ್ತಾದದ್ದು ಬಲೆ ಅಲ್ಲಾಡಿದ ಮೇಲೆ.

ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದ್ದರಂತೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕೆಂದರೆ ರೋಗಿ ಕೆಲವು ದಿನ ಮುಖ ಕೆಳಗೆ ಮಾಡಿಯೇ ಇರಬೇಕಂತೆ. ಉಣ್ಣುವಾಗ, ಕೂರುವಾಗ, ಮಲಗುವಾಗ, ಸದಾ ನೆಲವನ್ನೇ ನೋಡಿಕೊಂಡು. ಆ ದಿನಗಳಲ್ಲಿ ಅವನ ಪಾಲಿಗೆ ಮನುಷ್ಯರೆಲ್ಲ ಪಾದಗಳಾದರು. ಗೀರು ಬಿದ್ದ ಪಾಲಿಶ್ ಶೂ ಅಂದರೆ ಬಾವ. ಬೆರಳಿಗೆ ಬ್ಯಾಂಡೇಜು ಸುತ್ತಿದ ಚಪ್ಪಲಿ ಅಕ್ಕನದು. ಅಕ್ಕ ಅಳುವಾಗ ಹೆಬ್ಬೆರಳು ಮಡಚಿಕೊಳ್ಳುತ್ತಾಳೆ ಅನ್ನುವುದು ಇಷ್ಟು ವರ್ಷ ಜೊತೆಗಿದ್ದೂ ಅವನಿಗೆ ಗೊತ್ತಿರಲಿಲ್ಲ. ಕ್ಲಬ್ಬಿನವರ ಶೂಗಳು ಒಂದು ಸಲ ಸಾಲಾಗಿ ಬಂದು ನಿಂತು, "ಬೇಗ ಹುಷಾರಾಗು ಗೋಡೆ," ಎಂದು ಹೇಳಿ ಹೋದವು. ಮತ್ತೆ ಬರಲಿಲ್ಲ.

ಒಂದು ಸಂಜೆ ಬಿಳಿ ಕ್ಯಾನ್ವಾಸ್ ಶೂ ಬಂದು ಅವನ ಮುಂದೆ ನಿಂತವು. ಮೇಲೆ ಏಪ್ರನ್ನಿನ ಅಂಚು.

"ಬೈಯೋಕೆ ಬಂದ್ರಾ?" ಎಂದು ಕೇಳಿದ.

ಶೂಗಳು ಮಡಚಿಕೊಂಡವು, ಮೊಣಕಾಲು ಬಂತು, ಕೈ ಬಂತು. ಆಮೇಲೆ ಅವಳು ನೆಲದ ಮೇಲೆ ಅಂಗಾತ ಮಲಗಿ, ಕುರ್ಚಿಯಲ್ಲಿ ಬಗ್ಗಿ ಕೂತ ಅವನ ಮುಖದ ಕೆಳಕ್ಕೆ ತಲೆ ಸರಿಸಿಕೊಂಡು, ಮೇಲಕ್ಕೆ ನೋಡಿದಳು. ಎಷ್ಟೋ ದಿನಗಳ ಮೇಲೆ ಅವನಿಗೊಂದು ಮುಖ ಕಂಡಿತು.

"ಬೈಯೋಕೇ ಬಂದೆ," ಎಂದಳು. "ನಿಂತ್ಕೊಂಡು ಬೈದ್ರೆ ನಿಮಗೆ ತಾಗಲ್ಲ ಅನ್ನಿಸ್ತು."

"ನೆಲ ತಣ್ಣಗಿದೆ. ಏಳಿ."

"ಫಿನಾಯಿಲ್ ವಾಸನೆ ಬೇರೆ. ಬೇಗ ಬೈದು ಏಳ್ತೀನಿ." ಆದರೆ ಬೈಯಲಿಲ್ಲ. "ಅವತ್ತು ಆ ಹರುಕು ಮೊದಲು ಕಂಡಿದ್ದು ನನಗೆ. ನಿಮಗಿಂತ ಮುಂಚೆ ನಾನು ಹೆದರಿದ್ದೆ. ಗೊತ್ತಾ ನಿಮಗೆ?"

ಅವನ ಒಳ್ಳೆಯ ಕಣ್ಣಿನಿಂದ ಒಂದು ಹನಿ ನೇರ ಅವಳ ಹಣೆಗೆ ಬಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಕಣ್ಣು ಉಳಿಯಿತು, ಪೂರ್ತಿಯಲ್ಲ. ಎಡಗಣ್ಣಿಗೆ ಬಾಗಿಲಿನ ಚೌಕಟ್ಟು ಸೊಟ್ಟ ಕಾಣುತ್ತಿತ್ತು, ಮುಖಗಳು ಬೆರಳಿನಿಂದ ಉಜ್ಜಿದಂತೆ. ಕ್ಲಬ್ ಹೊಸ ಕೀಪರನ್ನು ತಂದಿತು. ಅವನು ಅಕ್ಕನ ಮನೆಯಲ್ಲಿ ಕೂತು ಟಿವಿಯನ್ನು ಸದ್ದು ಆಫ್ ಮಾಡಿ ನೋಡುತ್ತಿದ್ದ. ಮೂಲೆಯಲ್ಲಿ ಏನು ಮಿಂಚಿದರೂ ಎದೆ ಧಸಕ್ಕೆನ್ನುತ್ತಿತ್ತು, ಎದುರುಮನೆಯವರು ಕಿಟಕಿ ತೆರೆದರೂ.

ದಾರಿ ತೋರಿಸಿದ್ದು ಡಾಕ್ಟರಮ್ಮ. "ನಮ್ಮ ಆಸ್ಪತ್ರೆ ಹೆಣ್ಣುಮಕ್ಕಳದ್ದೊಂದು ಫುಟ್ಸಾಲ್ ಟೀಮಿದೆ. ಕಚೇರಿಗಳ ನಡುವಿನ ಲೀಗಲ್ಲಿ ಆಡುತ್ತೆ. ಹೋದ ವರ್ಷ ಎಷ್ಟು ಗೋಲಲ್ಲಿ ಸೋತ್ರು ಅಂತ ಕೇಳಬೇಡಿ, ನನಗೆ ನಾಚಿಕೆ. ಕೋಚ್ ಆಗಿ."

"ನನಗೆ ಕಲಿಸಿ ಗೊತ್ತಿಲ್ಲ."

"ಅವರಿಗೆ ಆಡೋಕೂ ಗೊತ್ತಿಲ್ಲ. ಸರಿಹೋಗುತ್ತೆ."

ಹೀಗೆ ಅವನು ಗೆರೆಯ ಹೊರಗೆ ಬಂದು ನಿಂತ. ವಾರ್ಡಿನ ಸಿಸ್ಟರ್ ಕ್ಯಾಪ್ಟನ್, ಔಷಧಿ ಕೌಂಟರಿನವಳು, ಬಿಲ್ಲಿಂಗಿನವಳು, ಲಿಫ್ಟ್ ನಡೆಸುವವಳು, ಗೋಲು ಕಾಯಲು ಬಟ್ಟೆ ಒಗೆಯುವ ವಿಭಾಗದವಳು. ಅವನ ಕಣ್ಣು ನೋಡಿದ್ದ ಅವಳೂ ಇದ್ದಳು, ಬದಲಿ ಆಟಗಾರ್ತಿಯಾಗಿ ಬೆಂಚಿನಲ್ಲಿ. ಎಲ್ಲರೂ ಅವಳನ್ನು 'ಟಾರ್ಚ್' ಅನ್ನುತ್ತಿದ್ದರು. ಚೆಂಡು ಬಂದರೆ ನಾಲ್ವರೂ ಅದರ ಹಿಂದೆ ಒಟ್ಟಿಗೇ ಓಡುತ್ತಿದ್ದರು, ಬಸ್ಸು ಬಂದಾಗ ಓಡುವ ಹಾಗೆ.

"ಸಿಸ್ಟರ್, ಎಲ್ಲರೂ ಒಬ್ಬಳನ್ನೇ ಹಿಡಿಯೋಕೆ ಹೋದ್ರೆ ಹೇಗೆ? ಮಿಕ್ಕವರು ಗೋಲ್ ಹೊಡ್ಕೊಂಡು ಮನೆಗೆ ಹೋಗ್ತಾರೆ."

"ಹೋಗಲಿ ಬಿಡಿ ಕೋಚ್, ಅವರಿಗೂ ಮನೇಲಿ ಕೆಲಸ ಇರುತ್ತೆ."

ನಗುತ್ತ ನಗುತ್ತಲೇ ಕಲಿಯುತ್ತಿದ್ದರು. ಎಲ್ಲಿ ನಿಲ್ಲಬೇಕು, ಯಾವಾಗ ಕೊಡಬೇಕು, ಕೊಟ್ಟ ಮೇಲೆ ಯಾಕೆ ಸುಮ್ಮನೆ ನಿಲ್ಲಬಾರದು. ಗೋಲಿನಿಂದ ಇಡೀ ಆಟ ನೋಡಿದ್ದವನಿಗೆ ಹೇಳಿಕೊಡಲು ಬೇಕಾದಷ್ಟಿತ್ತು. ಒಂದೇ ಒಂದು ವಿಷಯ ಅವನು ಯಾರಿಗೂ ತೋರಗೊಡಲಿಲ್ಲ. ಚೆಂಡಿಗೆ ಕಾಲು ತಾಗಿದ ಸದ್ದು ಕೇಳಿದರೆ ಅವನ ಎರಡು ಕಣ್ಣೂ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಆಚೆ ತುದಿಯಲ್ಲಿ ಒದ್ದರೂ ಅಷ್ಟೇ.

ಟಾರ್ಚ್ ಬೆಂಚಿನಿಂದ ಆಟ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಅವನು ತಿರುಗಿದರೆ ಥಟ್ಟನೆ ಶೂ ಲೇಸಿಗೆ ಬಗ್ಗುತ್ತಿದ್ದಳು. ಅವಳ ಲೇಸು ದಿನಕ್ಕೆಷ್ಟು ಸಲ ಬಿಚ್ಚುತ್ತೆ ಎಂದು ಬಿಲ್ಲಿಂಗಿನವಳು ಕೇಳಿ ಎಲ್ಲರೂ ನಕ್ಕರು.

ಒಂದು ದಿನ ಚೆಂಡುಗಳನ್ನು ಬಲೆಚೀಲಕ್ಕೆ ತುಂಬುವಾಗ ಅವಳು ಪಕ್ಕಕ್ಕೆ ಬಂದಳು. "ಒದ್ದ ಸದ್ದಿಗೇ ಕಣ್ಣು ಮುಚ್ತೀರ."

"ಧೂಳು."

"ಬಲಗಡೆ ನೋಡಿದ್ರಿ."

ಅವನು ಚೀಲದ ಬಾಯಿ ಬಿಗಿದ. ಬಿಗಿದದ್ದನ್ನೇ ಮತ್ತೆ ಬಿಗಿದ. "ಹೆದರಿಕೆ ಆಗುತ್ತೆ," ಎಂದ ಕೊನೆಗೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಅದೇ ಮೊದಲು. "ಗೋಡೆ ಅಂತ ಕರೀತಾರೆ. ಒಂದು ಚೆಂಡಿಗೆ ಹೆದರ್ತೀನಿ. ಕೋಚ್ ಅಂತೆ, ಕೋಚ್."

ಅವಳು ಚೀಲದ ಇನ್ನೊಂದು ತುದಿ ಹಿಡಿದುಕೊಂಡಳು. ಸ್ಟೋರ್ ರೂಮಿನವರೆಗೂ ಇಬ್ಬರೂ ಹೊತ್ತುಕೊಂಡು ಹೋದರು, ಒಬ್ಬನೇ ಹೊರಬಹುದಾಗಿದ್ದ ಹಗುರ ಚೀಲವನ್ನು.

ಲೀಗು ಇನ್ನೇನು ಶುರುವಾಗಬೇಕು ಅನ್ನುವಾಗ ಬಟ್ಟೆ ವಿಭಾಗದವಳಿಗೆ ಬೇರೆ ಊರಿಗೆ ವರ್ಗವಾಯಿತು. ಗೋಲಿಗೆ ಯಾರು? ಎಲ್ಲರೂ ಮೇಲೆ ಕೆಳಗೆ ನೋಡಿದರು.

"ನಾನು ನಿಲ್ತೀನಿ," ಎಂದಳು ಟಾರ್ಚ್.

"ಬೇಡ." ಅವನ ಬಾಯಿಂದ ಅದು ಎಷ್ಟು ಜೋರಾಗಿ ಬಂತೆಂದರೆ ಸಿಸ್ಟರ್ ಹುಬ್ಬೇರಿಸಿದಳು.

"ಯಾಕೆ ಬೇಡ ಕೋಚ್?"

ಟಾರ್ಚ್ ರಕ್ಷಣೆಯ ದಪ್ಪ ಕನ್ನಡಕ ತಂದು ತೋರಿಸಿದಳು. ತನ್ನ ಕಣ್ಣಿನ ಪರದೆ ಡಾಕ್ಟರಮ್ಮನೇ ಪರೀಕ್ಷೆ ಮಾಡಿದ್ದಾರೆ, ಏನೂ ತೊಂದರೆಯಿಲ್ಲ ಎಂದಳು. ಬೇರೆ ಯಾರೂ ಇರಲಿಲ್ಲ. ಅವನು ಒಪ್ಪಲೇಬೇಕಾಯಿತು.

ಅವಳಿಗೆ ಅಭ್ಯಾಸ ಮಾಡಿಸಲು ಅವನೇ ಒದೆಯಬೇಕಿತ್ತು. ಒದ್ದ. ಚೆಂಡು ಉರುಳಿಕೊಂಡು ಹೋಗಿ ಅವಳ ಕಾಲ ಹತ್ತಿರ ನಿಂತಿತು.

"ಇದನ್ನ ನಮ್ಮಜ್ಜಿನೂ ಹಿಡೀತಾರೆ."

ಇನ್ನೊಂದು. ಅದೂ ಹಾಗೇ.

ಅವಳು ಗೋಲು ಬಿಟ್ಟು ನಡೆದುಕೊಂಡು ಬಂದು ಅವನ ಎದುರು ನಿಂತಳು. ಕನ್ನಡಕದ ಹಿಂದೆ ಅವಳ ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು, ಕೆನ್ನೆಗೆ ಕೂದಲು ಅಂಟಿತ್ತು. "ಮೆಲ್ಲಗೆ ಒದ್ದು ಒದ್ದು ನನ್ನನ್ನ ಮ್ಯಾಚಿಗೆ ಕಳಿಸಿದ್ರೆ ಅಲ್ಲಿ ಯಾರು ಮೆಲ್ಲಗೆ ಒದೀತಾರೆ? ಹೆದರಿಕೆ ಇರಲಿ, ಇಟ್ಕೊಳ್ಳಿ. ಆದ್ರೆ ಕಲಿಸಿ."

ಅವನು ಕಲಿಸಿದ. ಒಂದೊಂದು ಸಲ ಒದ್ದಾಗಲೂ ಬೆನ್ನು ತಣ್ಣಗೆ ಬೆವರುತ್ತಿತ್ತು.

ಲೀಗಿನ ಮೊದಲ ಪಂದ್ಯ ವಿದ್ಯುತ್ ಕಚೇರಿಯವರ ಮೇಲೆ. ಅವರ ಮುಂಚೂಣಿಯವಳು ಕಂಬ ಹತ್ತುವ ಕೆಲಸದವಳು, ಒದೆತವೂ ಹಾಗೇ ಇತ್ತು. ಅವನು ಗೆರೆಯ ಹೊರಗೆ ನಿಂತು ಎರಡು ಕೈಗಳನ್ನೂ ಕಂಕುಳಲ್ಲಿ ಹುದುಗಿಸಿಕೊಂಡ. ಗೋಲಿನಲ್ಲಿ ನಿಂತಾಗ ಹೆದರಲು ಪುರುಸೊತ್ತಿರುತ್ತಿರಲಿಲ್ಲ. ಇಲ್ಲಿ ಹೆದರುವುದು ಬಿಟ್ಟು ಬೇರೆ ಕೆಲಸವೇ ಇಲ್ಲ.

ಎರಡನೆಯ ಅರ್ಧದಲ್ಲಿ ಕಂಬದವಳು ಹತ್ತಿರದಿಂದ ಒದ್ದಳು. ಅವನ ಕಣ್ಣು ಮುಚ್ಚಿಕೊಂಡವು. ಕೇಳಿದ್ದು ಸದ್ದು ಮಾತ್ರ, ಬಲೆಯದ್ದಲ್ಲ, ಕಂಬಿಯದ್ದಲ್ಲ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಣ್ಣು ಬಿಟ್ಟಾಗ ಅವಳು ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಕನ್ನಡಕ ದೂರ ಹಾರಿತ್ತು.

ರೆಫರಿ ಕರೆಯುವವರೆಗೂ ಕೋಚ್ ಒಳಗೆ ಹೋಗಬಾರದು. ಅವನು ಓಡಿದ. ರೆಫರಿ ಎಚ್ಚರಿಕೆಯ ಹಳದಿ ಕಾರ್ಡ್ ಎತ್ತಿ ತೋರಿಸಿದ್ದು ಅವನಿಗೆ ತಿಳಿಯಲೇ ಇಲ್ಲ. ಮೊಣಕಾಲೂರಿ ಅವಳ ಮೇಲೆ ಬಗ್ಗಿದ. ಅವಳ ಮೂಗಿನಿಂದ ರಕ್ತ ಇಳಿಯುತ್ತಿತ್ತು.

"ಎರಡೂ ಕಣ್ಣು ಕಾಣ್ತಿದೆ," ಎಂದಳು ಅವಳು, ಅವನು ಕೇಳುವ ಮೊದಲೇ. "ಚೆನ್ನಾಗಿ ಕಾಣ್ತಿದೆ. ನೀವು ಸುಣ್ಣದ ಹಾಗೆ ಬೆಳ್ಳಗಾಗಿದ್ದೀರ."

ಡಾಕ್ಟರಮ್ಮ ಪ್ರೇಕ್ಷಕರ ಸಾಲಿನಿಂದ ಇಳಿದು ಬಂದು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಬೆರಳು ಆಡಿಸಿದರು, ಮಿಂಚು ಕಾಣುತ್ತಾ ಎಂದು ಕೇಳಿದರು. ಮೂಗಿಗೆ ಮಾತ್ರ ಪೆಟ್ಟು ಎಂದರು.

"ಸಾಕು, ಹೊರಗೆ ಬನ್ನಿ," ಎಂದ ಅವನು.

ಅವಳು ಹತ್ತಿಯನ್ನು ಮೂಗಿಗೆ ಒತ್ತಿಕೊಂಡು ಎದ್ದು ಕೂತಳು. ಕೆಳದನಿಯಲ್ಲಿ, ಅವನಿಗೊಬ್ಬನಿಗೆ ಕೇಳುವಷ್ಟು, "ಕೋಚ್ ಆಗಿ ಹೇಳ್ತಿದ್ದೀರ, ಇಲ್ಲಾ ಬೇರೆ ಏನಾದ್ರೂ ಆಗಿಯಾ? ಕೋಚ್ ಆಗಿ ಹೇಳಿದ್ರೆ ಈಗ್ಲೇ ಬರ್ತೀನಿ," ಎಂದಳು.

ಅವನು ಬಲಗಡೆ ನೋಡಲಿಲ್ಲ. ಅವಳನ್ನೇ ನೋಡಿದ. ಕೋಚ್ ಆಗಿ ಅವಳನ್ನು ಹೊರಗೆ ಕರೆಯಲು ಅವನಿಗೊಂದು ಕಾರಣವೂ ಇರಲಿಲ್ಲ. ಅವತ್ತು ಅವಳು ಚೆನ್ನಾಗಿ ಆಡುತ್ತಿದ್ದಳು.

"ಗೆರೆಗೆ ಅಂಟಿಕೊಂಡು ನಿಲ್ಲಬೇಡಿ," ಎಂದ. "ಅವಳು ಒದೆಯೋಕೆ ಮುಂಚೆ ಒಂದು ಹೆಜ್ಜೆ ಮುಂದೆ ಬನ್ನಿ. ದೊಡ್ಡದಾಗಿ ಕಾಣ್ತೀರ."

ಬಿದ್ದಿದ್ದ ಕನ್ನಡಕವನ್ನು ಅವಳ ಕೈಗಿಟ್ಟು ವಾಪಸು ಗೆರೆಯಾಚೆ ಬಂದ. ಕಣ್ಣು ಮುಚ್ಚದೆ ನೋಡುವುದು ಅಂದು ಅವನು ಮಾಡಿದ ಅತಿ ಕಷ್ಟದ ಕೆಲಸ. ಕಂಬದವಳು ಮತ್ತೆ ಬಂದಳು, ಕಾಲೆತ್ತಿದಳು. ರೆಪ್ಪೆ ಇಳಿಯಲು ನೋಡಿತು, ಬಿಡಲಿಲ್ಲ. ನೀರು ತುಂಬಿ ಎಲ್ಲ ಕಲಸಿದಂತಾದರೂ ನೋಡಿದ. ಟಾರ್ಚ್ ಮುಂದೆ ಬಂದಳು, ಕೈಕಾಲು ಚಾಚಿದಳು, ಚೆಂಡು ಅವಳ ತೊಡೆಗೆ ಬಡಿದು ಹೊರಗೆ ಹೋಯಿತು.

ಸೋತರು, ಒಂದೇ ಗೋಲಿನಲ್ಲಿ. ಕಪ್ ಗೆದ್ದವರ ಹಾಗೆ ಲಿಫ್ಟಿನವಳು ಕುಣಿದಳು. ಒಂದೇ ಗೋಲು, ಒಂದೇ ಗೋಲು ಎಂದು ಸಿಸ್ಟರ್ ಎದುರು ತಂಡದವರನ್ನೂ ಬಿಡದೆ ತಬ್ಬಿಕೊಂಡಳು.

ಹೊರಗೆ ನಲ್ಲಿಯ ಹತ್ತಿರ ಟಾರ್ಚ್ ಮುಖ ತೊಳೆಯುತ್ತಿದ್ದಳು. ಅವನು ಟವೆಲ್ ಹಿಡಿದು ನಿಂತ. ಏನೇನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಅವಳೇ, ಮುಖ ಎತ್ತದೆ, "ಮುಂದಿನ ತಿಂಗಳಿಂದ ನಿಮ್ಮ ಚೆಕಪ್ಪಿಗೆ ಬೇರೆ ಆಸ್ಪತ್ರೆಗೆ ಹೋಗಿ," ಎಂದಳು.

"ಯಾಕೆ? ನಾನು ಒಳಗೆ ಓಡಿ ಬಂದಿದ್ದಕ್ಕಾ? ಎಲ್ಲರ ಮುಂದೆ..."

"ಅಲ್ಲ."

"ಮತ್ತೆ?"

ಅವಳು ನಲ್ಲಿ ನಿಲ್ಲಿಸಿದಳು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. "ಪ್ರತಿ ತಿಂಗಳು ಆ ಕತ್ತಲೆ ಕೋಣೇಲಿ ನಿಮ್ಮ ಕಣ್ಣೊಳಗೆ ಮೊದಲು ನೋಡೋಳು ನಾನು. ಹಿಂದಿನ ದಿನದಿಂದಲೇ ನನಗೆ ಊಟ ಸೇರಲ್ಲ. ಇವತ್ತು ಏನು ಕಾಣುತ್ತೋ, ಪರದೆ ಮತ್ತೆ ಎದ್ದಿದ್ರೆ, ಅದನ್ನ ನಾನೇ ನೋಡಬೇಕಾ ಅಂತ. ಹೋದ ಸಲ ಕೈ ನಡುಗಿ ಬೆಳಕು ನಿಲ್ಲಲೇ ಇಲ್ಲ. ಪೇಷಂಟ್ ಕಣ್ಣು ನೋಡೋವಾಗ ಕೈ ನಡುಗಬಾರದು." ಮೂಗು ಊದಿಕೊಂಡು ಅವಳ ಮಾತು ನೆಗಡಿ ಬಂದವಳಂತೆ ಕೇಳುತ್ತಿತ್ತು. "ನೀವು ನನಗೆ ಈಗ ಪೇಷಂಟ್ ಅಲ್ಲ. ಅದಕ್ಕೆ."

ಅವನು ಟವೆಲ್ ಕೊಡುವುದನ್ನೇ ಮರೆತ. "ನನಗೂ ಹೆದರಿಕೆ," ಎಂದ. "ಇವತ್ತು ನೀವು ಬಿದ್ದಾಗ ನನ್ನ ಕಣ್ಣು ಎರಡೂ ಹೋದ್ರೂ ಪರವಾಗಿಲ್ಲ ಅನ್ನಿಸ್ತು."

"ಹಾಗೆಲ್ಲ ಅನ್ನಬೇಡಿ!" ಅವಳು ಒದ್ದೆ ಕೈಯಿಂದಲೇ ಅವನ ಬಾಯಿ ಮುಚ್ಚಿದಳು. ಮುಚ್ಚಿದ ಕೈ ತೆಗೆಯಲು ಮರೆತಳು.

ಮುಂದಿನ ತಿಂಗಳು ಬೇರೆ ಆಸ್ಪತ್ರೆ. ರಜೆ ಹಾಕಿ ಅವಳೂ ಬಂದಿದ್ದಳು. ಅವನ ಕಣ್ಣಿಗೆ ಪಾಪೆ ಅಗಲವಾಗುವ ಹನಿ ಬಿಟ್ಟು ಕೂರಿಸಿದ್ದರು. ಎಲ್ಲವೂ ಮಂಜು ಮಂಜು, ಬೆಳಕು ಚುಚ್ಚುತ್ತಿತ್ತು. ಪಕ್ಕದಲ್ಲಿ ಅವಳ ಮೊಣಕಾಲು ಕುಣಿಯುವುದು ಬೆಂಚಿನ ಮೂಲಕ ಅವನಿಗೆ ತಿಳಿಯುತ್ತಿತ್ತು. ಸಾವಿರಾರು ಜನರನ್ನು ಇಂಥ ಬೆಂಚಿನಿಂದ ಒಳಗೆ ಕರೆದವಳು, ಅದರ ಮೇಲೆ ತಾನು ಕೂತದ್ದು ಇದೇ ಮೊದಲು.

ಕೌಂಟರಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು. "ಪೇಷಂಟ್ ಜೊತೆ ಬಂದಿರೋದು ನೀವಾ? ಇವರಿಗೆ ನೀವು ಏನಾಗಬೇಕು?"

ಮೊಣಕಾಲು ನಿಂತಿತು. ಅವಳು ಉಸಿರು ಬಿಗಿಹಿಡಿದಳು.

"ಹೆಂಡತಿ ಆಗಬೇಕು," ಎಂದಳು.

ಕೌಂಟರಿನವಳು ಬರೆದುಕೊಂಡಳು, ಅವಳಿಗೆ ಅದು ಸಾದಾ ಉತ್ತರ. ಅವನು ತಿರುಗಿ ನೋಡಿದ. ಮುಖ ಇರಬೇಕಾದ ಕಡೆ ಬರೀ ಮಬ್ಬು. ನಗುತ್ತಿದ್ದಾಳೋ, ಅಳುತ್ತಿದ್ದಾಳೋ, ಏನೂ ತಿಳಿಯಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಬಾಗಿಲು ಮುಚ್ಚಿತು. ಒಳಗೆ ತುಂಬ ಹೊತ್ತು ಹಿಡಿಯಿತು. ಅಥವಾ ಹಾಗನ್ನಿಸಿತೋ.

ಹೊರಗೆ ಬಂದಾಗ ಅವನು ಗೋಡೆ ಹಿಡಿದು ನಡೆದು ಬಂದು, ಬೆಂಚನ್ನು ತಡವಿ, ಅವಳ ಪಕ್ಕ ಕೂತ. ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮದುವೆಗೆ ಏನೂ ಅಡ್ಡಿ ಇಲ್ಲ ಅಂದ್ರು," ಎಂದ ಅವನು.

ತೋಳಿನ ಮೇಲಿನ ಬೆರಳುಗಳು ಸಡಿಲವಾದವು, ಮತ್ತೆ ಬಿಗಿಯಾದವು. "ಹಾಗಂದ್ರಾ ಡಾಕ್ಟರ್?"

"ಪರದೆ ಚೆನ್ನಾಗಿ ಕೂತಿದೆ, ಆರು ತಿಂಗಳು ಬಿಟ್ಟು ಬನ್ನಿ ಅಂದ್ರು. ಅದರ ಅರ್ಥ ಅದೇ ಅಲ್ವಾ?"

ಅವಳು ಎದ್ದು ಅವನ ಕೈ ಹಿಡಿದು ಎಬ್ಬಿಸಲು ನೋಡಿದಳು. ಅವನು ಏಳಲಿಲ್ಲ.

"ಹನಿ ಇಳಿಯೋಕೆ ಇನ್ನೂ ಹೊತ್ತು ಬೇಕು," ಎಂದ. "ಇಲ್ಲೇ ಕೂರೋಣ. ನೀನು ಮಾತ್ರ ಆ ಮುಖ ಹಾಗೇ ಇಟ್ಕೊಂಡಿರು. ಕಣ್ಣು ಬಂದ ತಕ್ಷಣ ನಾನು ನೋಡಬೇಕು."